ಮೂರು ಹೆಚ್ಚೈತೆ ಮೇಷ್ಟ್ರೆ

ನಿಜ ಹೇಳಿಬಿಡುತ್ತೇನೆ. ಸೊನ್ನೆಗಿಂತ ಕೆಳಗೂ ಅಂಕಿಗಳಿವೆ ಎಂಬುದನ್ನು ನಾನು ಇವತ್ತಿನವರೆಗೂ ಮನಸಾರೆ ಒಪ್ಪಿಲ್ಲ. ಬುಟ್ಟಿಯಲ್ಲಿ ಐದು ಬದನೆಕಾಯಿ ಇದ್ದರೆ ಐದನ್ನು ತೆಗೆಯಬಹುದು. ಆಮೇಲೆ ಬುಟ್ಟಿಯನ್ನು ಬೋರಲು ಹಾಕಿ ತಟ್ಟಿದರೂ ಆರನೆಯದು ಬೀಳುವುದಿಲ್ಲ. ಇಂಥ ನನ್ನನ್ನು ಹೊಸದುರ್ಗದ ಶಾಲೆಯೊಂದರಲ್ಲಿ ಗಣಿತದ ಹಂಗಾಮಿ ಮೇಷ್ಟರನ್ನಾಗಿ ಮಾಡಿ, ಧನ ಸಂಖ್ಯೆ, ಋಣ ಸಂಖ್ಯೆಗಳನ್ನು ಕೂಡಿಸುವುದನ್ನು ಮಕ್ಕಳಿಗೆ ಕಲಿಸಿ ಎಂದರು. ಮೂರು ವಾರಕ್ಕೆ ಚಿತ್ರದುರ್ಗದಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಪರೀಕ್ಷಿಸುವವರಿದ್ದರು. ಅವರು ಮೆಚ್ಚಿದರೆ ನನ್ನ ಕೆಲಸ ಉಳಿಯುತ್ತದೆ, ಮೆಚ್ಚದಿದ್ದರೆ ಹೊಳಲ್ಕೆರೆಯ ಮಾವನ ಮನೆಯೇ ಗತಿ. ಅಲ್ಲಿ ನಮ್ಮ ಅತ್ತೆ ಹಾದುಹೋಗುವವರನ್ನೆಲ್ಲ ನಿಲ್ಲಿಸಿ, "ಅಳಿಯಂದಿರು ಸದ್ಯಕ್ಕೆ ಇಲ್ಲೇ ಅದಾರೆ" ಎಂದು ಹೇಳುವುದನ್ನು ನಾನು ಹಿಂದೊಮ್ಮೆ ನಾಲ್ಕು ತಿಂಗಳು ಕೇಳಿದ್ದೆ. ಇನ್ನೊಮ್ಮೆ ಕೇಳುವ ಶಕ್ತಿ ನನಗಿರಲಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ನಮ್ಮ ಸೀಮೆಯ ನಾಲಗೆಗೂ ಮಹಾಪ್ರಾಣಕ್ಕೂ ಅಷ್ಟಕ್ಕಷ್ಟೆ. ನನ್ನದೂ ಅದೇ ನಾಲಗೆ. ನಾನು "ಧನ ಐದು" ಎಂದದ್ದು ಮಕ್ಕಳಿಗೆ "ದನ ಐದು" ಎಂದು ಕೇಳಿಸಿತು. ನನಗೂ ಹಾಗೇ ಕೇಳಿಸಿತು ಅನ್ನಿ. ಮತ್ತೋಡಿನ ಕಡೆಯಿಂದ ಬರುತ್ತಿದ್ದ ಬೀರಪ್ಪನೆಂಬ ಹುಡುಗ, ತರಗತಿಗೆಲ್ಲ ದೊಡ್ಡವನು, ಎದ್ದು ನಿಂತು, "ನಮ್ಮನ್ಯಾಗೆ ದನ ಇಲ್ಲ ಮೇಷ್ಟ್ರೆ, ಬರೀ ಕುರಿ ಅವೆ. ನಾನು ಹೊರಗೆ ಕುಂತ್ಕಳ್ಳಾ?" ಎಂದ. ಅಂದಿನಿಂದ ಧನ, ಋಣಗಳ ಸಹವಾಸ ಬಿಟ್ಟು 'ಹೆಚ್ಚು', 'ಕಡಿಮೆ' ಎಂದು ಹೇಳಿಕೊಡಲು ಶುರುಮಾಡಿದೆ.

ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಉದ್ದಕ್ಕೆ ಗೆರೆ ಎಳೆದು, ನಡುವೆ ಒಂದು ಕಲ್ಲಿಟ್ಟು, ಅದೇ ಸೊನ್ನೆ ಎಂದೆ. ಕಲ್ಲಿನಿಂದ ಮುಂದಕ್ಕೆ ಹೋದರೆ ಹೆಚ್ಚು, ಹಿಂದಕ್ಕೆ ಬಂದರೆ ಕಡಿಮೆ. ಬೀರಪ್ಪ ಐದು ಹೆಜ್ಜೆ ಮುಂದೆ ಹೋದ, ಎಂಟು ಹೆಜ್ಜೆ ಹಿಂದೆ ಬಂದ. ಕಲ್ಲಿನಿಂದ ಮೂರು ಹೆಜ್ಜೆ ಹಿಂದೆ ಸರಿಯಾಗಿ ನಿಂತ. ನನಗೆ ಆನಂದವಾಯಿತು.

"ಎಷ್ಟಾತಲೇ?"

"ಮೂರು ಹೆಚ್ಚೈತೆ ಮೇಷ್ಟ್ರೆ."

"ಹೆಚ್ಚಲ್ಲ ಕಣೋ, ಕಡಿಮೆ ಅನ್ನು!"

"ಹಂಗನ್ನಬಾರ್ದು ಮೇಷ್ಟ್ರೆ. ಬಳೆ ಒಡೆದ್ರೆ ನಮ್ಮವ್ವ ಬಳೆ ಹೆಚ್ಚಿದ್ವು ಅಂತಾಳೆ. ರಾಗಿ ಮುಗಿದ್ರೆ ರಾಗಿ ಹೆಚ್ಚೈತೆ ಅಂತಾಳೆ."

ಇಡೀ ತರಗತಿ ಹೌದೌದು ಎಂದಿತು. ನಾನು ಹುಟ್ಟಿ ಬೆಳೆದದ್ದೂ ಇಂಥ ಮನೆಯಲ್ಲೇ. ಚಿಕ್ಕವನಿದ್ದಾಗ ಅಜ್ಜಿ "ದೀಪ ದೊಡ್ಡದು ಮಾಡಪ್ಪ" ಎಂದಾಗ, ಆರಿಸು ಎಂಬ ಅರ್ಥ ತಿಳಿಯದೆ ಬತ್ತಿಯನ್ನು ಇನ್ನಷ್ಟು ಮೇಲೆತ್ತಿ ಕಿವಿ ಹಿಂಡಿಸಿಕೊಂಡಿದ್ದೆ. ನಮ್ಮಲ್ಲಿ ಎದ್ದು ಹೋಗುವ ನೆಂಟರು ಕೂಡ "ಬರ್ತೀನಿ" ಎನ್ನುತ್ತಾರೆ. ಇಳಿದದ್ದನ್ನೆಲ್ಲ ಏರಿದೆ ಎನ್ನುವ ಜನಕ್ಕೆ ಋಣ ಸಂಖ್ಯೆ ಕಲಿಸಲು ಹೊರಟ ನನ್ನ ಹಣೆಬರಹಕ್ಕೆ ನಾನೇ ಮರುಗಿದೆ.

ಆದರೂ ಬಿಡಲಿಲ್ಲ. ಹೊಳಲ್ಕೆರೆಯ ಅತ್ತೆಯನ್ನು ನೆನೆದು ನೆನೆದು ಕಲಿಸಿದೆ. ಹೆಚ್ಚು ಎಂದರೆ ಹೆಚ್ಚೇ, ಕಡಿಮೆ ಎಂದರೆ ಕಡಿಮೆಯೇ ಎಂದು ಮೇಜು ಗುದ್ದಿ ದಿನಕ್ಕೆ ನೂರು ಸಲ ಹೇಳಿಸಿದೆ. ಒಂದು ದಿನ ಬೀರಪ್ಪನ ತಾಯಿ ಸೆರಗು ಬಿಗಿದುಕೊಂಡು ಶಾಲೆಗೇ ಬಂದಳು. "ಏನ್ರೀ ಮೇಷ್ಟ್ರೆ, ತುಂಬಿದ ಮನ್ಯಾಗೆ ನಿಂತ್ಕಂಡು ರಾಗಿ ಕಡಿಮೆ, ಉಪ್ಪು ಕಡಿಮೆ ಅಂತಾನಲ್ರಿ ಇವ್ನು! ಇದನ್ನೇನ್ರಿ ನೀವು ಕಲ್ಸೋದು?" ನಾನು ತಲೆ ತಗ್ಗಿಸಿ ಕೇಳಿಸಿಕೊಂಡರೂ ಒಳಗೊಳಗೇ ಹಿಗ್ಗಿದೆ. ಪಾಠ ತಲೆಗೆ ಹತ್ತಿತ್ತು. ನನ್ನ ತಲೆಗೂ ಹತ್ತಿತ್ತು ಎಂಬುದು ಮಾತ್ರ ಗೊತ್ತಾಗಲಿಲ್ಲ.

ಇನ್ಸ್‌ಪೆಕ್ಟರ್ ಬಂದರು. ಎಂಟು ಕಡಿಮೆಗೆ ಐದು ಹೆಚ್ಚು ಕೂಡಿಸಿದರೆ ಎಷ್ಟು ಎಂದು ಬೀರಪ್ಪನನ್ನೇ ಕೇಳಿದರು. ಅವನು ಕಣ್ಣು ಮುಚ್ಚಿ, ಮನೆದೇವರಿಗೆ ಕೈ ಮುಗಿದು, "ತಪ್ಪಾತು ನಮ್ಮಪ್ಪಾ... ಮೂರು ಕಡಿಮೆ!" ಎಂದು ಕೂಗಿದ. ಸಾಹೇಬರು ಶಹಭಾಸ್ ಎಂದರು. ನನಗೆ ಕುಣಿಯುವುದೊಂದು ಬಾಕಿ. ಅವರೂ ನಮ್ಮ ಮಠದ ಶಿಷ್ಯರೇ ಆದ್ದರಿಂದ, ಊಟಕ್ಕೆ ನಮ್ಮ ಮನೆಗೇ ಬರಬೇಕು ಎಂದುಬಿಟ್ಟೆ. ಅನ್ನವಿಲ್ಲದೆ ಅವರಿಗೆ ಊಟ ಸೇರುವುದಿಲ್ಲವೆಂದು ಕೇಳಿದ್ದೆ. ಅದಕ್ಕೂ ಚಿಂತೆಯಿರಲಿಲ್ಲ, ಬೆಳಿಗ್ಗೆ ಹೊರಡುವಾಗಲೇ ನನ್ನಾಕೆ ಒಳಗಿನಿಂದ, "ಅಕ್ಕಿ ಹೆಚ್ಚೈತೆ ಕಣ್ರಿ, ನೆನಪಿರ್ಲಿ" ಎಂದು ಕೂಗಿದ್ದಳು. ಹೆಚ್ಚಿದ್ದರೆ ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ.

ಸಾಹೇಬರನ್ನು ಎಲೆಯ ಮುಂದೆ ಕೂರಿಸಿ ಅಡುಗೆಮನೆಗೆ ಹೋದೆ. ಅಲ್ಲಿ ಹೆಂಡತಿ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲಾರೆ.

"ಅಕ್ಕಿ ಹೆಚ್ಚೈತೆ ಅಂತ ಹೇಳಿರ್ಲಿಲ್ವೇನ್ರಿ?"

"ಅದಕ್ಕೇ ಅಲ್ವೇನೇ ಕರ್ಕಂಡು ಬಂದಿದ್ದು!"

ಸಾಹೇಬರು ನಮ್ಮನೆಯ ರಾಗಿಮುದ್ದೆಯನ್ನು ಅಗಿದು ಅಗಿದು ತಿಂದರು. ಅಗಿಯಬಾರದು, ನುಂಗಬೇಕು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಮತ್ತೆ ಶಾಲೆಗೆ ಬಂದು, ಊರಿಗೆ ಹೋಗುವ ಮುಂಚೆ ತಪಾಸಣೆ ಪುಸ್ತಕದಲ್ಲಿ ಹೀಗೆ ಬರೆದರು: "ಮಕ್ಕಳ ಲೆಕ್ಕ ಉತ್ತಮ. ಉಪಾಧ್ಯಾಯರದು ಇನ್ನೂ ಪಕ್ವವಾಗಬೇಕು. ಹಂಗಾಮಿ ಅವಧಿಯನ್ನು ಆರು ತಿಂಗಳು ಹೆಚ್ಚಿಸಬಹುದು."

ಖಾಯಂ ಆಗದಿದ್ದರೂ ಕೆಲಸವಂತೂ ಉಳಿಯಿತಲ್ಲ! ಮನೆಗೆ ಓಡಿ ಬಂದು, ಬಾಗಿಲಲ್ಲಿ ಕಾಯುತ್ತಿದ್ದ ಹೆಂಡತಿಗೆ ಏದುಸಿರು ಬಿಡುತ್ತಾ, "ಕೆಲ್ಸ ಹೆಚ್ಚೈತೆ ಕಣೇ!" ಎಂದೆ.

ಅವಳು ಗೊಳೋ ಎಂದು ಅಳುತ್ತಾ ಹೊಳಲ್ಕೆರೆಗೆ ಗಂಟು ಕಟ್ಟತೊಡಗಿದಳು. ನಿಜವಾಗಿಯೂ ಹೆಚ್ಚಿದೆ, ದೇವರಾಣೆಗೂ ಹೆಚ್ಚಿದೆ ಎಂದು ನಾನು ಹೇಳಿದಷ್ಟೂ ಅವಳ ಅಳು ಹೆಚ್ಚಿತು. ಇದು ಮಾತ್ರ ನಾನು ಶಾಲೆಯಲ್ಲಿ ಕಲಿಸಿದ ಅರ್ಥದಲ್ಲೇ ಹೆಚ್ಚಿತು.