ಸಾಹೇಬರ ಬಲಗಾಲ ಚಪ್ಪಲಿಯ ರಬ್ಬರಿನ ಕುರಿತು

ನಮ್ಮ ಶಾಲೆಯ ತಪಾಸಣೆಗೆ ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿ ಬಂದು, ಒಂದೇ ಕಾಲಿಗೆ ಮೆಟ್ಟಿಕೊಂಡು ಮರಳಿದ ಸನ್ಮಾನ್ಯ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಕಾಗಿಣಾ ದಡದ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ ಶಿವರಂಜನಿಯಾದ ನಾನು ನಾಲ್ಕನೆಯ ತರಗತಿಯ ಸಮಸ್ತ ಮುದ್ರಕರ ಪರವಾಗಿ ವಿನಯದಿಂದ ದೂರಿಕೊಳ್ಳುವುದೇನೆಂದರೆ, ತಾವು ನಮ್ಮಲ್ಲಿ ಬಿಟ್ಟುಹೋದ ಬಲಗಾಲ ಚಪ್ಪಲಿಯ ರಬ್ಬರು ಅಚ್ಚಿನ ಕೆಲಸಕ್ಕೆ ತೀರ ಮೆತ್ತಗಿದ್ದು, ನಮಗೆ ಬಹಳ ತೊಂದರೆಯಾಗಿದೆ.

ಮಕ್ಕಳು ತಮ್ಮದೇ ಪತ್ರಿಕೆಯನ್ನು ಅಚ್ಚು ಹಾಕಬೇಕೆಂದು ಹಟ ಹಿಡಿದದ್ದು ತಮಗೆ ಗೊತ್ತಿರಲಾರದು. ಯಂತ್ರವಿಲ್ಲದ ಕಾರಣ ಊರಿನ ಹರಿದ ಹವಾಯಿ ಚಪ್ಪಲಿಗಳನ್ನೆಲ್ಲ ಕೂಡಿಸಿ, ಅವುಗಳ ಅಟ್ಟೆಯಿಂದ ಅಕ್ಷರಗಳನ್ನು ತಿರುವುಮುರುವಾಗಿ ಕತ್ತರಿಸಿ, ಹಲಗೆಯ ತುಂಡುಗಳಿಗೆ ಅಂಟಿಸಿ, ಶಹಾಬಾದ್ ಕಲ್ಲಿನ ಚಪ್ಪಡಿಯ ಮೇಲೆ ಮಸಿ ಹರಡಿ, ಅದರಲ್ಲಿ ಅದ್ದಿ ಅದ್ದಿ ಒತ್ತತೊಡಗಿದೆವು. ಕೆಲವೇ ದಿನಗಳಲ್ಲಿ, ಹರಿಯದ ಚಪ್ಪಲಿ ಉಳ್ಳವರೆಲ್ಲ ನಮ್ಮ ಮಕ್ಕಳನ್ನು ಕಂಡೊಡನೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುವಂತಾಯಿತು.

ಮೊದಲ ಪುಟದಲ್ಲಿ ಎಲ್ಲರ ಹೆಸರೂ ಬರಬೇಕಿತ್ತು. ಕತ್ತರಿ ಹಿಡಿಯುವುದರಲ್ಲಿ ಎಲ್ಲರಿಗಿಂತ ಚುರುಕಾದ ರಾಧಿಕಾ ಗೆಳತಿಯರ ಹೆಸರುಗಳನ್ನೆಲ್ಲ ಕತ್ತರಿಸಿಕೊಟ್ಟು ತನ್ನದಕ್ಕೆ ಕೈಹಾಕಿ, ಕಷ್ಟದ ‘ಧಿ’ಯನ್ನು ಕಡೆಗಿಟ್ಟು ‘ರಾ’ ಮತ್ತು ‘ಕಾ’ ಮುಗಿಸುವಷ್ಟರಲ್ಲಿ ತಾವು ಬರುತ್ತೀರೆಂಬ ಸುದ್ದಿ ಬಂತು. ಉಳಿದಿದ್ದ ಕೊನೆಯ ರಬ್ಬರು ತಮ್ಮ ‘ಸುಸ್ವಾಗತ’ಕ್ಕೆ ಹೋಯಿತು. ಅಂದಿನಿಂದ ತರಗತಿಯೆಲ್ಲ ಆ ಹುಡುಗಿಯನ್ನು ‘ರಾಕಾ’ ಎಂದು ಕರೆಯತೊಡಗಿತು.

ಆ ‘ಸುಸ್ವಾಗತ’ವನ್ನು ಅವಸರದಲ್ಲಿ ಸೀದಾ ಕತ್ತರಿಸಿದ್ದರಿಂದ ಅದು ಜಗುಲಿಗೆ ಕಟ್ಟಿದ ಬಟ್ಟೆಯ ಮೇಲೆ ಉಲ್ಟಾ ಮೂಡಿದ್ದು ನಮ್ಮದೇ ತಪ್ಪು. ತಾವು ಅದರ ಮುಂದೆ ನಿಂತು, “ಇದೇನ್ ತೆಲುಗೇನ್ರಿ?” ಎಂದು ಕೇಳಿದ್ದು ಸಹಜವೇ. ಆಗ ನಮ್ಮ ಬಿಸಿಯೂಟದ ಲಾಲಮ್ಮ ಒಳಗಿನಿಂದ ಕನ್ನಡಿ ತಂದು, “ಬೆನ್ನು ತಿರುಗಿಸಿ ಇದರಾಗ ನೋಡ್ರಿ ಸಾಹೇಬ್ರ, ಭಾಳ ಸೀದಾ ಕಾಣ್ತದ” ಎಂದಳು. ತಾವು ಕನ್ನಡಿ ಹಿಡಿದು, ‘ಸು’ ಕಂಡರೆ ‘ತ’ ಕಾಣದೆ, ‘ತ’ ಕಾಣಲೆಂದು ಕನ್ನಡಿಯಲ್ಲೇ ಕಣ್ಣು ನೆಟ್ಟು ಮುಂದೆ ಮುಂದೆ ಸರಿಯುತ್ತ ಬಂದು ಮಸಿಯ ಚಪ್ಪಡಿಯ ಮೇಲೆ ಬಲಗಾಲಿಟ್ಟಿರಿ. ಅಲ್ಲಿಂದ ನಳದವರೆಗೆ ಜಗುಲಿಯುದ್ದಕ್ಕೂ ತಾವು ಒತ್ತಿದಷ್ಟು ಸ್ವಚ್ಛವಾದ ಅಚ್ಚನ್ನು ನಮ್ಮ ಶಾಲೆ ಅದುವರೆಗೆ ಕಂಡಿರಲಿಲ್ಲ. “ಇದು ಸಾಲಿನೋ ಬಣ್ಣದಂಗಡಿನೋ? ಎಲ್ಲಾ ಬಂದ್ ಮಾಡ್ರಿ!” ಎಂದು ಅಪ್ಪಣೆ ಕೊಟ್ಟು, ಚಪ್ಪಲಿಯನ್ನು ನಳದ ಬುಡದಲ್ಲೇ ಬಿಟ್ಟು ಜೀಪು ಹತ್ತಿದಿರಿ.

ಬಂದ್ ಮಾಡಿದೆವು. ಮರುದಿನ ರಾಧಿಕಾ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮನೆಗೆ ಹೋದರೆ ಅವಳ ಅಜ್ಜಿ ಹಣಮವ್ವ, “ನನ್ನ ಕೂಡ ಹತ್ತಿ ಬಿಡಸಾಕ ಬರ್ತಾಳಂತ ನೋಡ್ರಿ, ಸಾಲಿ ವಲ್ಲೆ ಅಂತಾಳ” ಎಂದರು.

“ಬಂದು ಏನ್ ಮಾಡ್ಲಿರಿ ಟೀಚರ್?” ಎಂದಳು ರಾಧಿಕಾ, ನೆಲ ನೋಡುತ್ತ. “ಅಚ್ಚು ಬಂದ್ ಆಯ್ತು. ನಾ ಇನ್ನ ರಾಕಾನೇ.”

ಮಾನ್ಯರೇ, ತಮ್ಮ ಚಾಲಕರು ಚಪ್ಪಲಿ ಒಯ್ಯಲು ಬರುತ್ತಾರೆಂದು ಅಷ್ಟು ದಿನ ಕಾದಿದ್ದ ನಾನು, ಮರುದಿನ ಬೆಳಗ್ಗೆ ಅದನ್ನೂ ಕತ್ತರಿಯನ್ನೂ ಹಿಡಿದು ಮತ್ತೆ ಅವಳ ಮನೆಗೆ ಹೋದೆ.

“ಇದು ಸಾಹೇಬ್ರದಲ್ರಿ?” ಎಂದಳು.

“ಹೂಂ. ಸರಕಾರಿ ಸಾಮಾನದ, ಹುಷಾರಾಗಿ ಕತ್ತರಿಸು” ಎಂದೆ.

ನನ್ನ ದೂರು ಇರುವುದು ಇಲ್ಲಿಯೇ. ರಬ್ಬರು ಮೆತ್ತಗಿದ್ದುದರಿಂದ ‘ಧಿ’ಯ ಗುಡಿಸು ಮತ್ತೆ ಮತ್ತೆ ಕಿತ್ತುಬಂತು, ಕಡೆಗೆ ಹಿಮ್ಮಡಿಯ ಭಾಗ ಒದಗಿತು. ಮಧ್ಯಾಹ್ನ ಓಡುತ್ತ ಶಾಲೆಗೆ ಬಂದ ರಾಧಿಕಾ ತನ್ನ ಪೂರ್ತಿ ಹೆಸರನ್ನು ಪತ್ರಿಕೆಯ ಮೇಲೆ, ಲಾಲಮ್ಮನ ಅನ್ನದ ಪಾತ್ರೆಯ ಮುಚ್ಚಳದ ಮೇಲೆ, ನನ್ನ ಸೀರೆಯ ಸೆರಗಿನ ಮೇಲೆ ಒತ್ತಿ ಒತ್ತಿ ನಕ್ಕಳು. ತಮ್ಮ ಅಪ್ಪಣೆಗೂ ಕುಂದು ಬಂದಿಲ್ಲ. ‘ಎಲ್ಲಾ ಬಂದ್ ಮಾಡ್ರಿ’ ಎಂಬುದನ್ನು ಮಕ್ಕಳು ಮುಖಪುಟದ ತಲೆಬರಹವಾಗಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಜಗುಲಿಯ ಮೇಲಿನ ತಮ್ಮ ಹೆಜ್ಜೆಯ ವಿನ್ಯಾಸವನ್ನು ದಿಂಬಿನ ಚೀಲಕ್ಕೆ ಒತ್ತಿಕೊಡಿರೆಂದು ಹಣಮವ್ವನವರ ಓಣಿಯೆಲ್ಲ ಬಾಗಿಲಲ್ಲಿ ನಿಂತಿದೆ.

ಆದುದರಿಂದ ಒತ್ತಕ್ಷರಗಳಿಗಾಗಿ ಎಡಗಾಲಿನದನ್ನೂ ಕೂಡಲೇ ಮಂಜೂರು ಮಾಡಬೇಕು. ಮುಂದಿನ ತಪಾಸಣೆಗೆ ಇಲಾಖೆಯ ಎಲ್ಲ ಹಿರಿಯರನ್ನೂ ಕರೆತರಬೇಕು, ಅವರು ದಪ್ಪ ಅಟ್ಟೆಯ ಗಟ್ಟಿ ಚಪ್ಪಲಿಗಳಲ್ಲಿ ಬಂದು ಬರಿಗಾಲಿನಲ್ಲಿ ಮರಳುವಂತೆ ಸುತ್ತೋಲೆ ಹೊರಡಿಸಬೇಕೆಂದು ಕೈಮುಗಿದು ಕೋರುವ,

ಮಸಿಗೈಯ, ತಮ್ಮ ವಿಶ್ವಾಸಿ,
ಶಿವರಂಜನಿ

ತಾ.ಕ.: ಚಪ್ಪಲಿಯ ಉಳಿದ ಪಟ್ಟಿಗಳನ್ನು ಹಿಂತಿರುಗಿಸಲು ನಾನೂ ರಾಧಿಕಾಳೂ ತಮ್ಮ ಕಚೇರಿಗೆ ಬಂದಿದ್ದೆವು, ತಾವಿರಲಿಲ್ಲ. ತಮ್ಮ ಕೋಣೆಯ ಫಲಕದಲ್ಲಿ ‘ಶಿಕಣ’ ಎಂದಿರುವುದನ್ನು ಓದಿದ ಅವಳು ರಾತ್ರಿಯಾಗುವುದರೊಳಗೆ ಒಂದು ‘ಷ’ ಒತ್ತು ಕತ್ತರಿಸಿದ್ದಾಳೆ, ಲಕೋಟೆಯಲ್ಲಿದೆ. ಓದುವವರು ತಾವಾದ್ದರಿಂದ ಈ ಸಲ ಸೀದಾ ಕತ್ತರಿಸಿದ್ದಾಳೆ. ಫಲಕಕ್ಕೆ ಅಂಟಿಸುವ ಗೋಂದು ಮಾತ್ರ ಇಲಾಖೆಯದು.