ಮೂರನೇ ಹಾಡಿನ ಕಿರ್ರ್-ಟಕ್

ಕೇಳುವ ಕೋಣೆಗೆ ಬಣ್ಣ ಬಳಿಸುವುದಕ್ಕೆ ಮ್ಯಾನೇಜರಿಗೆ ಅದೇ ದಿನ ಸಿಗಬೇಕೆ? ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದಲೇ.

ಗ್ರಾಮಫೋನ್ ತಟ್ಟೆ ಅಚ್ಚು ಹಾಕುವ ಆ ಕಾರ್ಖಾನೆಯಲ್ಲಿ ಕಿವಿರಾಯರ ಕೆಲಸ ಕೇಳುವುದು. ಹೌದು, ಸುಮ್ಮನೆ ಕೂತು ಕೇಳುವುದೇ. ಯಾವ ರೆಕಾರ್ಡನ್ನೇ ಆಗಲಿ ಸಾವಿರಗಟ್ಟಲೆ ಅಚ್ಚು ಹಾಕುವ ಮೊದಲು ಮಾದರಿಗೆಂದು ಒಂದು ತಟ್ಟೆ ತೆಗೆಯುತ್ತಾರೆ. ಅದರಲ್ಲಿ ಗೀರು, ಚಿಟಪಟ, ಗೊರಗೊರ ಯಾವುದೂ ಇಲ್ಲವೆಂದು ಇವರು ಒಪ್ಪಿಗೆ ಕೊಟ್ಟರೆ ಮಾತ್ರ ಯಂತ್ರ ಓಡಬೇಕು. ಕಿವಿರಾಯರೆಂಬ ಹೆಸರು ಹೆತ್ತವರು ಇಟ್ಟದ್ದಲ್ಲ, ಜೊತೆಯವರು ಗೌರವದಿಂದ ಇಟ್ಟದ್ದು. ಆದರೆ ಹೋದ ತಿಂಗಳು ಒಂದು ಕೊಳಲಿನ ರೆಕಾರ್ಡು ಪ್ರತಿ ಸುತ್ತಿಗೂ ಟಿಕ್ ಎನ್ನುತ್ತಿದ್ದರೂ ಇವರು ಪಾಸು ಮಾಡಿಬಿಟ್ಟಿದ್ದರು. ಅಂದಿನಿಂದ ಹಾಗೆ ಕರೆಯುವವರ ಮುಖದಲ್ಲಿ ಸಣ್ಣ ನಗುವೊಂದು ಸೇರಿಕೊಂಡಿತ್ತು. ಇನ್ನೊಂದು ಸಲ ಕಿವಿ ಕೈಕೊಟ್ಟರೆ ಪ್ಯಾಕಿಂಗ್ ವಿಭಾಗವೇ ಗತಿ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿಯಾಗಿತ್ತು. ಪಾಪ, ಕಿವಿರಾಯರು ಆಗಿನಿಂದ ಪ್ರತಿ ತಟ್ಟೆಯನ್ನೂ ಎರಡೆರಡು ಸಲ ಕೇಳುತ್ತಿದ್ದರು.

ಕೇಳುವ ಕೋಣೆ ಬಣ್ಣದ ಡಬ್ಬಗಳ ಪಾಲಾಗಿದ್ದರಿಂದ ಮ್ಯಾನೇಜರ್ ಅವತ್ತಿನ ತಟ್ಟೆಯನ್ನು ಇವರ ಕೈಗಿಟ್ಟು, ಮನೆಯಲ್ಲೇ ಕೇಳಿ ಫೋನ್ ಮಾಡುವಂತೆ ಹೇಳಿದರು. ತಟ್ಟೆಯೋ, ಒಂದು ಇಂಡಸ್ಟ್ರಿಯಲ್ ರಾಕ್ ತಂಡದ ಚೊಚ್ಚಲ ಆಲ್ಬಮ್ಮು. ಹರೆಯದಲ್ಲಿ ಆ ಮಹಾನುಭಾವರು ಮುಚ್ಚಿದ ಗಿರಣಿಯೊಂದಕ್ಕೆ ನುಗ್ಗಿ, ತಗಡು ಬಡಿದು, ಸರಪಳಿ ಎಳೆದು, ಡ್ರಿಲ್ಲಿಂಗ್ ಮೆಷಿನ್ ಓಡಿಸಿ, ಅದರ ಮೇಲೆ ಗಂಟಲು ಹರಿಯುವಂತೆ ಕಿರುಚಿ ಮಾಡಿದ ಹಾಡುಗಳು. ಈಗ ಅದಕ್ಕೆ ವಿನೈಲ್ ತಟ್ಟೆಯಾಗಿ ಮರುಮುದ್ರಣದ ಯೋಗ ಬಂದಿತ್ತು. ಕೊಳಲಿನಲ್ಲೇ ಟಿಕ್ ಕೇಳಿಸದವರಿಗೆ, ಗುಜರಿ ಅಂಗಡಿಯಲ್ಲಿ ಗುಂಡುಸೂಜಿ ಬಿದ್ದ ಸದ್ದು ಹಿಡಿ ಎಂದಂತಾಯಿತು.

ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಮನೆಯಲ್ಲಿ ಅತ್ತೆಯೊಬ್ಬರೇ. ಕೂತವರ ಕಿವಿ ಸ್ಪೀಕರಿನ ಮಟ್ಟಕ್ಕೇ ಬರಬೇಕೆಂಬುದು ಕಿವಿರಾಯರ ಶಿಸ್ತು. ಸೋಫಾ ತಗ್ಗಾಯಿತು, ಸ್ಟೂಲು ಎತ್ತರವಾಯಿತು. ಕೊನೆಗೆ ಅತ್ತೆಯ ಕೋಣೆಯಲ್ಲಿದ್ದ, ತೀರಿಹೋದ ಮಾವನವರ ಮರದ ಕುರ್ಚಿಯನ್ನು ಕೇಳಿ ತಂದು ಹಾಕಿಕೊಂಡು, ತಟ್ಟೆಯ ಮೇಲೆ ಮುಳ್ಳಿಟ್ಟರು.

ಮನೆ ನಡುಗಿತು. ಮೊದಲ ಎರಡು ಹಾಡು ಹಲ್ಲು ಕಚ್ಚಿಕೊಂಡು ಕೂತರು. ಮೂರನೇ ಹಾಡಿನಲ್ಲಿ, ತಗಡಿನ ಬಡಿತದ ನಡುವೆ ಸಣ್ಣಗೆ ಕೇಳಿಸಿತು: ಕಿರ್ರ್-ಟಕ್. ಗಡಬಡಿಸಿ ಎದ್ದು ಮುಳ್ಳು ಎತ್ತಿದರು. ಸದ್ದು ನಿಂತಿತು. ಅಲ್ಲಿಗೆ ಅದು ತಟ್ಟೆಯೊಳಗಿನದೇ ಎಂದಾಯಿತು. ಆದರೆ ಅದು ದೋಷವೋ, ಸಂಗೀತವೋ?

ಅಷ್ಟರಲ್ಲಿ ಮೇಲಿನ ಮನೆಯ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಜೀವಮಾನವೆಲ್ಲ ಯಂತ್ರ ರಿಪೇರಿ ಮಾಡಿ ನಿವೃತ್ತರಾದವರು. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಎಣ್ಣೆ ಕುಪ್ಪಿ. ನೀರಿನ ಪಂಪು ಕೆಟ್ಟಿದೆ ಎಂದು ಅವರ ವಾದ. ಇದು ಹಾಡು ಎಂದು ಕಿವಿರಾಯರು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

"ಹಾಡೇ ಇರ್ಲಿ ಸ್ವಾಮಿ. ಆದ್ರೆ ಮಧ್ಯೆ ಕಿರ್ರ್-ಟಕ್ ಅಂತಲ್ಲ, ಅದು ಮಾತ್ರ ಹಾಡಲ್ಲ. ಎಲ್ಲೋ ಎಣ್ಣೆ ಆರಿದೆ."

ಕಿವಿರಾಯರಿಗೆ ಹೋದ ಜೀವ ಬಂದಂತಾಯಿತು. ತಮಗೊಬ್ಬರಿಗೇ ಅಲ್ಲ, ಇನ್ನೊಬ್ಬರಿಗೂ ಕೇಳಿಸಿದೆ! ಖಾತ್ರಿಗೆಂದು ಮತ್ತೆ ಮೊದಲಿಂದ ಹಾಕಿದರು. ಈ ಸಲ ಎರಡನೇ ಹಾಡಿನಲ್ಲೇ ಕಿರ್ರ್-ಟಕ್. ಮೂರನೇ ಸಲ ಹಾಕಿದಾಗ ಮೊದಲ ಹಾಡಿನಿಂದಲೇ ಶುರು. ದೋಷ ಹರಡುತ್ತಿದೆ! ಮಾಲೇ ಕಳಪೆ, ತಟ್ಟೆ ಕೇಳಿದಷ್ಟೂ ಹಾಳಾಗುತ್ತಿದೆ. ಇಪ್ಪತ್ತು ವರ್ಷದ ಅನುಭವದಲ್ಲಿ ಇಂಥದನ್ನು ಅವರು ಕಂಡಿರಲಿಲ್ಲ. ಅತ್ತ ಯಜಮಾನರು ಪಂಪು, ವಾಷಿಂಗ್ ಮೆಷಿನ್, ಕಿಟಕಿ, ಬಾಗಿಲು ಎಂದು ಸಿಕ್ಕಸಿಕ್ಕಲ್ಲೆಲ್ಲ ಎಣ್ಣೆ ಬಿಡುತ್ತ ಮನೆ ಸುತ್ತುತ್ತಿದ್ದರು.

ಅಚ್ಚು ಹಾಕಬೇಡಿ ಎಂದು ಕಿವಿರಾಯರು ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ಮನೆ ಮುಂದೆ ಕಾರು ನಿಂತಿತು. ಮ್ಯಾನೇಜರ್ ಧುಮುಗುಟ್ಟುತ್ತ ಇಳಿದರು. ಹಿಂದೆ, ತಮ್ಮ ತಟ್ಟೆ ಅಚ್ಚಾಗುವುದನ್ನು ನೋಡಲೆಂದು ಕಾರ್ಖಾನೆಗೆ ಬಂದಿದ್ದ ಆ ತಂಡದ ಮುಖ್ಯ ಗಾಯಕರು. ಈಗ ನರೆತ ಜುಟ್ಟು, ಮೂಗಿನ ತುದಿಗೆ ಕನ್ನಡಕ, ಮಂಡಿಗೆ ಪಟ್ಟಿ. ರೆಕಾರ್ಡಿನಲ್ಲಿ ಸೂರು ಹಾರುವಂತೆ ಕಿರುಚಿದ ಮನುಷ್ಯ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ, ಕೇಳಲು ಕಿವಿರಾಯರೂ ಬಗ್ಗಬೇಕಾಯಿತು.

ತಟ್ಟೆ ಹಾಕಿದರು. ಕಿವಿರಾಯರು ಮ್ಯಾನೇಜರ ಮುಂದೆ ಕೈಕಟ್ಟಿ ನಿಂತರು. ಒಂದು ಹಾಡು ಮುಗಿಯಿತು, ಎರಡು ಮುಗಿಯಿತು, ಮೂರೂ ಮುಗಿಯಿತು. ಕಿರ್ರೂ ಇಲ್ಲ, ಟಕ್ಕೂ ಇಲ್ಲ. ಮ್ಯಾನೇಜರ ಮುಖ ಕೆಂಪಾಗುತ್ತ ಬಂತು. ನೀವು ಕೇಳುವಾಗ ಹೇಗಿದ್ದಿರಿ ಎಂದು ಗಾಯಕರು ವಿಚಾರಿಸಿದರು. ಕೂತಿದ್ದೆ ಎಂದರು ಇವರು. ಹಾಗಾದರೆ ಕೂತೇ ಕೇಳೋಣ ಎಂದಾಯಿತು.

ಕಿವಿರಾಯರು ಕುರ್ಚಿಯ ಮೇಲೆ ಕೂತು ಕಣ್ಣು ಮುಚ್ಚಿದರು. ನಾಲ್ಕನೇ ಹಾಡು. ಸರಪಳಿ, ತಗಡು, ಡ್ರಿಲ್ಲು, ಕಿರುಚಾಟ... ಕಿರ್ರ್-ಟಕ್!

"ಕೇಳಿಸ್ತಾ ಸಾರ್?" ಎಂದು ನೆಗೆದೆದ್ದರು. ಸದ್ದು ಮಾಯ. ಕೂತರು. ಮತ್ತೆ ಕಿರ್ರ್-ಟಕ್.

ಎಲ್ಲರ ಕಣ್ಣೂ ಅವರ ಕಾಲಿನ ಮೇಲಿತ್ತು. ಬಲಗಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು, ಕಾಲಿನ ಜೊತೆ ಮಾವನವರ ಕುರ್ಚಿಯೂ.

"ಅಳಿಯಂದಿರೇ, ಖುಷಿಯಾದಾಗ ನೀವು ಕಾಲು ಕುಣಿಸ್ತೀರಿ. ಮದುವೆ ಮಾತಿಗೆ ಬಂದಾಗ್ಲೇ ನೋಡಿದ್ದೆ, ನಿಮಗೇ ಗೊತ್ತಾಗಲ್ಲ," ಎಂದರು ಬಾಗಿಲಲ್ಲಿದ್ದ ಅತ್ತೆ.

ಕಿವಿರಾಯರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಗದ್ದಲ ತಮಗೆ ಹಿಡಿಸಿತ್ತು! ಕೇಳಿದಷ್ಟೂ ಹೆಚ್ಚು ಹಿಡಿಸಿತ್ತು! ಮ್ಯಾನೇಜರ್ ಇನ್ನೇನು ಪ್ಯಾಕಿಂಗ್ ಎನ್ನಬೇಕು, ಗಾಯಕರು ಕೈ ಅಡ್ಡ ಹಿಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಷ್ಟು ವರ್ಷ ಹಾಡಿದೀನಿ. ಎಲ್ರೂ ಕಿವಿ ಮುಚ್ಕೊಂಡೋರೇ. ನಮ್ಮ ಹಾಡಿಗೆ ಕಾಲು ಕುಣಿಸಿದೋರನ್ನ ಇವತ್ತೇ ನೋಡಿದ್ದು. ಈ ಕಿರ್ರ್-ಟಕ್ ಇಲ್ದೆ ತಟ್ಟೆ ಅಚ್ಚಾಗೋದು ಬೇಡ."

ಕೊನೆಯ ಹಾಡಿನ ಹಿಂದೆ ಆ ಸದ್ದು ಸೇರಿಸಿ ಹೊಸದಾಗಿ ತಟ್ಟೆ ಮಾಡಬೇಕೆಂದು ಅವರು ಪಟ್ಟು ಹಿಡಿದರು. ಗಿರಾಕಿಯ ಮಾತೇ ಮಾತು; ಮ್ಯಾನೇಜರ ಮುಖ ಕ್ಷಣದಲ್ಲಿ ಅರಳಿತು. ಆ ಸದ್ದು ಒಂದು ತಟ್ಟೆ ಸೇರಿಬಿಡಲಿ, ಕೇಳುವ ಕೆಲಸ ಇನ್ನು ಕೊನೆತನಕ ನಿಮ್ಮದೇ ಎಂದು ಕಿವಿರಾಯರ ಬೆನ್ನು ತಟ್ಟಿದರು. ಗಾಯಕರ ಧ್ವನಿಮುದ್ರಣದ ಯಂತ್ರ ಕಾರಿನಲ್ಲೇ ಇತ್ತು. ಮೂವರೂ ಹೋಗಿ ಹೊತ್ತು ತಂದರು. ಕುರ್ಚಿಯ ಕಾಲ ಬುಡದಲ್ಲಿ ಮೈಕಿಟ್ಟರು. ತಟ್ಟೆ ತಿರುಗಿತು, ಕಿವಿರಾಯರು ಕೂತರು, ಕಾಲು ಸಂತೋಷದಿಂದ ಕುಣಿಯಿತು.

ಸದ್ದಿಲ್ಲ. ಇನ್ನೂ ಜೋರಾಗಿ ಕುಣಿಸಿದರು. ಎರಡೂ ಕಾಲು ಕುಣಿಸಿದರು. ಕುರ್ಚಿ ಕಲ್ಲಿನ ಹಾಗೆ ಕೂತಿತ್ತು.

ಮೂಲೆಯಲ್ಲಿ ಮೇಲಿನ ಮನೆಯ ಯಜಮಾನರು ಎಣ್ಣೆ ಕೈ ಒರೆಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಅಪಾರ ತೃಪ್ತಿ.

"ಕೊನೆಗೂ ಸಿಕ್ತು ಸ್ವಾಮಿ. ನೀವು ಕಾರಿಗೆ ಹೋದಾಗ ಸ್ಕ್ರೂ ಎಲ್ಲ ಬಿಗಿ ಮಾಡಿ, ಸಂದಿಗೆಲ್ಲ ಎಣ್ಣೆ ಬಿಟ್ಟಿದೀನಿ. ಇನ್ನು ಈ ಕುರ್ಚಿ ತುಟಿಪಿಟಕ್ ಅನ್ನಲ್ಲ."

ಗಾಯಕರು ತಟ್ಟೆಯ ಮೇಲಿನ ಮುಳ್ಳನ್ನು ತಾವೇ ಎತ್ತಿದರು. ಮ್ಯಾನೇಜರ್ ಕುರ್ಚಿಯನ್ನು ನೋಡಿದರು, ಎಣ್ಣೆ ಕುಪ್ಪಿಯನ್ನು ನೋಡಿದರು, ಕೊನೆಗೆ ಕಿವಿರಾಯರನ್ನು ನೋಡಿದರು.

"ನಾಳೆ ಬೆಳಿಗ್ಗೆ ಪ್ಯಾಕಿಂಗ್‌ಗೆ ಬಂದ್ಬಿಡಿ. ಅಲ್ಲಿ ಕೂರೋಕೆ ಕುರ್ಚಿ ಇಲ್ಲ."