ಲಿಂಗರಾಜುವಿನ ಪ್ರಿಂಟರು

ಲಿಂಗರಾಜು ಪ್ರಿಂಟರ್ ಕೊಂಡದ್ದು ಮದುವೆಗಾಗಿ ಎಂದರೆ ಯಾರೂ ನಂಬುವುದಿಲ್ಲ. ಆದರೆ ನಿಜ ಅದೇ. ರಾವಂದೂರಿನ ಜೆರಾಕ್ಸ್ ಅಂಗಡಿಯವನಿಗೆ, ಮೊಬೈಲಿಗೆ ಬಂದದ್ದನ್ನೆಲ್ಲ ಮೊದಲು ತಾನು ಪೂರ್ತಿ ಓದಿ ಆಮೇಲೆ ಪ್ರಿಂಟ್ ಕೊಡುವ ಅಭ್ಯಾಸ. ಕಳೆದ ಯುಗಾದಿಯ ಹೊತ್ತಿಗೆ ಲಿಂಗರಾಜು ತನ್ನ ಬಯೋಡೇಟಾ ಕಳಿಸಿದಾಗ ಅವನು ತಲೆಯೆತ್ತಿ, "ಲಿಂಗರಾಜಣ್ಣ, ಓದ್ ವರ್ಸನೂ ವಯಸ್ಸು ಮೂವತ್ತೆರಡು ಅಂತ್ಲೇ ಇತ್ತಲ್ಲ, ಈ ವರ್ಸನೂ ಅಂಗೇ ಇರ್ಲಾ?" ಎಂದು ಕೇಳಿದ್ದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ತಪ್ಪಿದ್ದರೆ ತಿದ್ದಿಕೊಡೋಣ ಎಂಬ ಉಪಕಾರಬುದ್ಧಿ. ಪಹಣಿ ತೆಗೆಸಲು ನಿಂತಿದ್ದ ನಾಲ್ಕು ಜನ ನಗದೆ ಇದ್ದಿದ್ದರೆ ಚೆನ್ನಾಗಿತ್ತು. ಅವರು ನಕ್ಕರು.

ಆ ವಾರವೇ ಲಿಂಗರಾಜು ಮೈಸೂರಿಗೆ ಹೋಗಿ, ವೈರಿನ ಹಂಗಿಲ್ಲದೆ ಮೊಬೈಲಿನಿಂದಲೇ ಪ್ರಿಂಟ್ ಕೊಡುವ ಯಂತ್ರ ತಂದು ನಡುಮನೆಯ ಟಿ.ವಿ. ಪಕ್ಕದಲ್ಲಿ ಇಟ್ಟ. ಇನ್ನು ಮೇಲೆ ತನ್ನ ವಯಸ್ಸು ತನಗೆ, ತನ್ನ ತಾಯಿಗೆ ಮತ್ತು ಹೆಣ್ಣಿನ ಕಡೆಯವರಿಗೆ ಮಾತ್ರ ಗೊತ್ತಿರುವ ವಿಷಯ ಎಂದುಕೊಂಡ. ಅದರಲ್ಲೂ ಹೆಣ್ಣಿನ ಕಡೆಯವರಿಗೆ ಎರಡು ವರ್ಷ ಕಡಿಮೆ ಗೊತ್ತಿದ್ದರೆ ಸಾಕಾಗಿತ್ತು.

ಇಷ್ಟೆಲ್ಲ ಯಾಕೆಂದರೆ, ಇದುವರೆಗೆ ಹದಿನಾಲ್ಕು ಕಡೆ ಮಾತು ಮುರಿದಿತ್ತು. ಎರಡು ಎಕರೆ ಶುಂಠಿ, ಒಂದೂವರೆ ಎಕರೆ ಹೊಗೆಸೊಪ್ಪು, ಹೆಂಚಿನ ಮನೆ, ಮೊದಲಿನಿಂದಲೂ ಯಾವ ಚಟವೂ ಇಲ್ಲ. ಎಲ್ಲರೂ ಹುಡುಗ ಒಳ್ಳೆಯವನು ಎಂದೇ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಹೋದ ಮೇಲೆ, ಹೊಲ ಮಾಡೋ ಹುಡುಗನಿಗೆ ಕೊಡಲು ನಮ್ಮ ಹುಡುಗಿ ಒಪ್ಪುತ್ತಿಲ್ಲ ಎಂದು ಫೋನು ಬರುತ್ತಿತ್ತು. ಲಿಂಗರಾಜುವಿಗೆ ಸಿಟ್ಟು ಬರುತ್ತಿರಲಿಲ್ಲ, ಬೇಸರವಾಗುತ್ತಿತ್ತು. ಹೊಲದಿಂದ ಬಂದು ಕಾಲು ತೊಳೆಯುವಾಗ, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಎಂದು ಕೇಳಲು ತಾಯಿಯಲ್ಲದೆ ಇನ್ನೊಬ್ಬರು ಇರಬೇಕು ಎಂಬುದಷ್ಟೇ ಅವನ ಆಸೆ. ಅದನ್ನು ಬಯೋಡೇಟಾದಲ್ಲಿ ಬರೆಯಲು ಜಾಗವಿರಲಿಲ್ಲ.

ಪ್ರಿಂಟರಿನ ಗುಟ್ಟು ಒಂದು ವಾರವೂ ಉಳಿಯಲಿಲ್ಲ. ಲಿಂಗರಾಜು ವೈಫೈ ಪಾಸ್‌ವರ್ಡಿಗೆ ತಾಯಿಯ ಹೆಸರನ್ನೇ ಇಟ್ಟಿದ್ದ. ಯಾರು ಕೇಳಿದರೂ ಸಿದ್ದಲಿಂಗಮ್ಮ ತನ್ನ ಹೆಸರು ಹೇಳುವಷ್ಟೇ ಸಲೀಸಾಗಿ ಅದನ್ನು ಹೇಳಿಬಿಡುತ್ತಿದ್ದಳು. ಬೀದಿಯ ಮೊಬೈಲುಗಳೆಲ್ಲ ಆ ಯಂತ್ರಕ್ಕೆ ನೆಂಟರಾದವು. ತಂತಮ್ಮ ಜಗುಲಿಯ ಮೇಲೆ ಕೂತು ಒತ್ತುವುದು, ಡೈರಿಗೆ ಹಾಲು ಹಾಕಿ ಬರುವಾಗ ಇಲ್ಲಿ ನುಗ್ಗಿ ಹಾಳೆ ಎತ್ತಿಕೊಂಡು ಹೋಗುವುದು. ರೇಷನ್ ಕಾರ್ಡು, ಆಧಾರ್ ಕಾರ್ಡು, ಬೆಳೆ ವಿಮೆಯ ರಸೀದಿ, ಎದುರು ಮನೆ ಸುನಂದಮ್ಮನ ಮೊಮ್ಮಗಳು ಬಣ್ಣ ಹಚ್ಚುವ ನವಿಲಿನ ಚಿತ್ರ. ಬೇಡ ಎನ್ನಲು ಲಿಂಗರಾಜುವಿಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಸಾಲಿಗ್ರಾಮದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಪ್ರಿಯಾ, ತಂದೆ ಮುದ್ದಯ್ಯ. ಹೊಲ ಮಾಡುವವನಾದರೂ ಅಡ್ಡಿಯಿಲ್ಲ, ಮನುಷ್ಯ ಚೆನ್ನಾಗಿರಬೇಕು ಎಂದಿದ್ದಾರೆ ಎಂದು ಸಂಬಂಧ ತಂದವರು ಹೇಳಿದಾಗ ಸಿದ್ದಲಿಂಗಮ್ಮ ಎರಡು ಸಲ ಹೇಳಿಸಿಕೊಂಡಳು. ಈಗೆಲ್ಲ ಹುಡುಗಿ ತೋರಿಸುವ ಮೊದಲು ಹುಡುಗನ ಮನೆ ನೋಡಲು ಬರುತ್ತಾರೆ. ಭಾನುವಾರ ಹನ್ನೊಂದಕ್ಕೆ ಮುದ್ದಯ್ಯ ಮತ್ತು ಅವರ ಭಾಮೈದ ನಂಜಣ್ಣ ಬರುವುದು ಎಂದಾಯಿತು. ಮುದ್ದಯ್ಯನವರಿಗೆ ಮೊಬೈಲು ತೋರಿಸಿದರೆ ನಡೆಯುವುದಿಲ್ಲ, ಬಯೋಡೇಟಾ, ಜಾತಕ, ಪಹಣಿ ಎಲ್ಲ ಕೈಗೆ ಹಾಳೆಯಲ್ಲೇ ಸಿಗಬೇಕು ಎಂಬ ಸೂಚನೆಯೂ ಬಂತು. ಲಿಂಗರಾಜು ಶನಿವಾರ ಸಂಜೆಯೇ ಪ್ರಿಂಟರಿನ ಧೂಳು ಒರೆಸಿ, ಸ್ವಿಚ್ ಆರಿಸಿ, ಮೇಲೆ ಬಟ್ಟೆ ಮುಚ್ಚಿಟ್ಟ.

ಭಾನುವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಸಿದ್ದಲಿಂಗಮ್ಮ ಪೂಜೆ ಮುಗಿಸಿ ಯಂತ್ರದ ಮುಂದೆ ನಿಂತಳು. ಲಗ್ನಪತ್ರಿಕೆಯಾಗಲಿ ಜಾತಕವಾಗಲಿ, ಶುಭಕ್ಕೆ ಹೋಗುವ ಕಾಗದದ ನಾಲ್ಕು ಮೂಲೆಗೂ ಅರಿಸಿನ ಹಚ್ಚುವುದು ಅವಳು ಕಂಡ ಪದ್ಧತಿ. ಎಲ್ಲರೂ ಬರೆದಾದ ಮೇಲೆ ಹಚ್ಚುತ್ತಾರೆ, ಬರೆಯುವ ಮೊದಲೇ ಹಚ್ಚಿದರೆ ಫಲ ಇನ್ನೂ ಹೆಚ್ಚಲ್ಲವೇ ಎಂದು ಅವಳಿಗೆ ತೋರಿತು. ಅರಿಸಿನ ಕಲಸಿದ ನೀರಿನಲ್ಲಿ ಬೆರಳು ಅದ್ದಿ, ತಟ್ಟೆಯಲ್ಲಿದ್ದ ಹಾಳೆಗಳ ಕಂತೆಗೆಲ್ಲ ನಾಲ್ಕೂ ಮೂಲೆಗೆ ಧಾರಾಳವಾಗಿ ಹಚ್ಚಿ ಕೈಮುಗಿದಳು.

ಲಿಂಗರಾಜು ಬಂದು ಸ್ವಿಚ್ ಹಾಕಿ ಮೊಬೈಲ್ ಒತ್ತಿದ. ಯಂತ್ರ ಅಂಟಿಕೊಂಡ ಐದಾರು ಹಾಳೆಯನ್ನು ಒಟ್ಟಿಗೆ ಎಳೆದುಕೊಂಡು, ಮೊದಲ ಸಲ ಮುದ್ದೆ ನುಂಗಲು ಹೊರಟ ಪಟ್ಟಣದವರ ಹಾಗೆ ಅರ್ಧದಲ್ಲೇ ನಿಂತು, ಕೆಂಪು ದೀಪ ಮಿಟುಕಿಸತೊಡಗಿತು. ಅವನು ಮತ್ತೆ ಒತ್ತಿದ, ಇನ್ನೊಮ್ಮೆ ಒತ್ತಿದ. ಕಡೆಗೆ ಮುಚ್ಚಳ ತೆಗೆದು ನೋಡಿದರೆ ಒಳಗೆಲ್ಲ ಹಳದಿ. ತಿರುಗಿ ತಾಯಿಯ ಮುಖ ನೋಡಿದ.

"ಒಳ್ಳೇದಾಗ್ಲಿ ಅಂತ ಅಚ್ಚಿದ್ನಪ್ಪ," ಎಂದಳು ಸಿದ್ದಲಿಂಗಮ್ಮ.

ಬಯ್ಯಲು ಹೇಗೆ ಮನಸ್ಸು ಬರುತ್ತದೆ. ಅವನು ಕೂತು, ಕಾಣುವ ಚೂರುಗಳನ್ನೆಲ್ಲ ಬೆರಳಲ್ಲಿ ಬಿಡಿಸತೊಡಗಿದ. ಮೊಬೈಲಿನಲ್ಲಿ ಕಳಿಸಿದ್ದನ್ನೆಲ್ಲ ರದ್ದು ಮಾಡಿ, ಸ್ವಿಚ್ ಆರಿಸಿ, ಮತ್ತೆ ಹಾಕಿ, ಗೊತ್ತಿದ್ದ ವಿದ್ಯೆಯೆಲ್ಲ ಮುಗಿಸಿದ. ಕೆಂಪು ದೀಪ ಮಾತ್ರ ಹೋಗಲಿಲ್ಲ.

ಹತ್ತು ಗಂಟೆಗೆ ಮೂರನೇ ಮನೆಯ ಕುಳ್ಳಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದರು. ಲಿಂಗರಾಜುವಿನ ತಂದೆ ತೀರಿಕೊಂಡ ಮೇಲೆ ಹದಿನಾಲ್ಕು ಸಂಬಂಧಕ್ಕೂ ಹಿರಿಯರಾಗಿ ಕೂತು ಮಾತಾಡಿದವರು ಅವರೇ. ಲಿಂಗರಾಜು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದ. ಅವರ ಮಗ ಮಾದೇಶನೂ ಇವನೂ ಒಂದೇ ಬೆಂಚಿನಲ್ಲಿ ಓದಿದವರು, ಮದುವೆಯಾಗದೆ ಉಳಿಯುವುದರಲ್ಲೂ ಜೊತೆಗಾರರು. ಕುಳ್ಳಯ್ಯ ಮೂವತ್ತು ವರ್ಷ ಪಂಚಾಯ್ತಿಯ ನೀರಿನ ಮೋಟಾರು ನಡೆಸಿದವರು. ಆದ್ದರಿಂದ ಲೋಕದ ಎಲ್ಲ ಯಂತ್ರಗಳೂ ತಮ್ಮ ಮಾತು ಕೇಳುತ್ತವೆಂದು ಅವರ ನಂಬಿಕೆ. ಪ್ರಿಂಟರಿನ ಪಕ್ಕೆಗೆ ಎರಡು ಏಟು ಕೊಟ್ಟು, ನೀರಿನ ಪೈಪಿಗೆ ಹಿಡಿಯುವ ಹಾಗೆ ಇದಕ್ಕೂ ಗಾಳಿ ಹಿಡಿದಿರಬೇಕು ಎಂದರು.

ಸುನಂದಮ್ಮ ಬಂದು ನೋಡಿ, ಬೀದಿಯವರ ಕಣ್ಣು ಬಿದ್ದಿದೆ ಎಂದು ತೀರ್ಮಾನಿಸಿದಳು. ಯಾರ ಕಣ್ಣು ಎಂದು ಲಿಂಗರಾಜು ಕೇಳಲಿಲ್ಲ. ಅವಳು ಉಪ್ಪು, ಒಣಮೆಣಸಿನಕಾಯಿ ಹಿಡಿದು ಯಂತ್ರಕ್ಕೆ ಮೂರು ಸುತ್ತು ಇಳಿ ತೆಗೆದು ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವಂತೆ. ಬಂತು, ಮನೆಯೆಲ್ಲ ತುಂಬಿಕೊಂಡಿತು. ಎಲ್ಲರೂ ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತಿರುವಾಗ, ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಮುದ್ದಯ್ಯ ಮತ್ತು ನಂಜಣ್ಣ ಬಾಗಿಲಲ್ಲಿ ನಿಂತಿದ್ದರು.

ಮುದ್ದಯ್ಯ ಹೊಸಿಲು ದಾಟುತ್ತಲೇ ಸೀನಿದರು. ಒಂಟಿ ಸೀನು ಅಪಶಕುನ. ಮನೆಯವರೆಲ್ಲ ಉಸಿರು ಹಿಡಿದು ನಿಂತರು. ಅವರು ಇನ್ನೊಮ್ಮೆ ಸೀನಿದಾಗ ಕುಳ್ಳಯ್ಯ ಸಮಾಧಾನದಿಂದ ಬನ್ನಿ ಬನ್ನಿ ಎಂದು ಒಳಗೆ ಕರೆದರು.

ಮುದ್ದಯ್ಯ ಮೆಲು ಮಾತಿನ ಮನುಷ್ಯ. ಹಿತ್ತಲು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಕೊಟ್ಟಿಗೆ ಎಲ್ಲ ನಿಧಾನವಾಗಿ ನೋಡಿ ಬಂದು ಕೂತರು. ನಂಜಣ್ಣನೇ ಬಾಯಿ ಬಿಟ್ಟು ಬಯೋಡೇಟಾ ಕೇಳಿದ್ದು. ಲಿಂಗರಾಜು ಪ್ರಿಂಟರ್ ಕೆಟ್ಟಿದೆ ಎಂದು ಒಪ್ಪಿಕೊಂಡು ಮೊಬೈಲ್ ಮುಂದೆ ಹಿಡಿದ. ಮುದ್ದಯ್ಯ ಅದನ್ನು ನೋಡದೆ, ನಿಧಾನಕ್ಕೆ ಆಗಲಿ ಎಂದರು. ಅವನಿಗೆ ಅಳು ಬರುವುದೊಂದು ಬಾಕಿ. ಹುಡುಗಿಯ ಫೋಟೋ ಅವನ ಮೊಬೈಲಿನಲ್ಲಿತ್ತು. ಮೂರು ದಿನದಿಂದ ಶುಂಠಿ ಹೊಲದ ಬದುವಿನ ಮೇಲೆ ಕೂತು ಅದನ್ನು ನೋಡಿದ್ದೆಷ್ಟು ಸಲವೋ. ಒಂದು ಹಾಳೆಯ ದೆಸೆಯಿಂದ ಇದು ಹದಿನೈದನೆಯದಾಗುತ್ತದೆಯೇ ಎಂದು ಮನಸ್ಸಿನಲ್ಲೇ ಎಣಿಸಿದ.

ಕುಳ್ಳಯ್ಯ ಮಾತ್ರ ಸೋಲಲಿಲ್ಲ. ಹುಡುಗ ಎಂಥ ಚಿನ್ನ ಎಂದು ಬಾಯಲ್ಲಿ ವಿವರಿಸುತ್ತಲೇ ಕೈಯನ್ನು ಯಂತ್ರದ ಹಿಂದೆ ಮೊಣಕೈವರೆಗೂ ತೂರಿಸಿ ಒಂದು ಹಳದಿ ಚಿಂದಿಯನ್ನು ಎಳೆದು ಹಾಕಿದರು. ಹೊಸ ಹಾಳೆ ಇಟ್ಟು ಮುಚ್ಚಳ ಹಾಕಿದೊಡನೆ ಕೆಂಪು ಹೋಗಿ ಹಸಿರು ಬಂತು. ಯಂತ್ರ ಗುರ್ ಎಂದು ಎದ್ದಿತು. ತಮ್ಮ ಮೋಟಾರಿನ ದಿನಗಳನ್ನು ನೆನೆದು ಕುಳ್ಳಯ್ಯ ಮೀಸೆ ತಿರುವಿಕೊಂಡರು.

ಮೊದಲು ಬಂದದ್ದು ಸುನಂದಮ್ಮನ ರೇಷನ್ ಕಾರ್ಡು. ಆಮೇಲೆ ಒಂದು ನವಿಲು. ಶನಿವಾರ ಸಂಜೆಯಿಂದ ಬೀದಿಯವರು ತಂತಮ್ಮ ಮನೆಯಲ್ಲಿ ಒತ್ತಿದ್ದೆಲ್ಲ ಅವರವರ ಮೊಬೈಲಿನಲ್ಲಿ ಕಾದು ಕೂತಿತ್ತೆಂದು ಲಿಂಗರಾಜುವಿಗೆ ಆಗ ಹೊಳೆಯಿತು. ಅವನದು ಮಾತ್ರ ಅವನೇ ರದ್ದು ಮಾಡಿದ್ದ. ಮತ್ತೆ ಕಳಿಸಲು ತಡಕಾಡುವಷ್ಟರಲ್ಲಿ ಮೂರನೇ ಹಾಳೆ ಬಂತು. ಮೇಲೆ ಗಣೇಶ, ಕೆಳಗೆ 'ವರನ ವಿವರ'. ನಂಜಣ್ಣ ಅದನ್ನು ಎತ್ತಿ ಭಾವನ ಕೈಗೆ ಕೊಟ್ಟುಬಿಟ್ಟ.

ಮುದ್ದಯ್ಯ ಹಾಳೆಯನ್ನು ಬಹಳ ಹೊತ್ತು ನೋಡಿದರು. ಎದುರು ಕೂತ ಹುಡುಗನನ್ನು ನೋಡಿದರು. ಮತ್ತೆ ಹಾಳೆ ನೋಡಿದರು.

"ಇದು ನಿಮ್ ಫೋಟೋ ಅಲ್ವಲ್ಲಪ್ಪ."

ಕುಳ್ಳಯ್ಯ ಬಗ್ಗಿ ನೋಡಿ, ಕೂತಲ್ಲೇ ಕುಗ್ಗಿದರು. ಅದು ಮಾದೇಶನ ಬಯೋಡೇಟಾ. ನನ್ನ ಮಗನದು, ಇದು ಇಲ್ಲಿಗೆ ಹೇಗೆ ಬಂತೋ ಶಿವನೇ ಬಲ್ಲ ಎಂದು ತೊದಲಿದರು. ಪಾಪ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಲಿಂಗರಾಜು ಹಾಳೆ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದ. ಮುದ್ದಯ್ಯ ಕೊಡಲಿಲ್ಲ. ಅದನ್ನು ಎರಡಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಇವರ ಮನೆ ಯಾವುದು ಎಂದು ಕೇಳಿದರು. ನಂಜಣ್ಣನಿಗೇ ಗಾಬರಿಯಾಯಿತು. ಮುದ್ದಯ್ಯ ಎದ್ದು ನಿಂತು, "ಬಂದಿದ್ದೇ ಬಂದಿವಿ, ಅದ್ನೂ ಒಂದ್ ದಪ ನೋಡ್ಕಂಡು ಓಗನ," ಎಂದರು.

ಲಿಂಗರಾಜುವಿಗೆ ಏನೂ ಅರ್ಥವಾಗಲಿಲ್ಲ. ಮಾದೇಶನಿಗೆ ಇವನಿಗಿಂತ ಒಂದು ವರ್ಷ ಹೆಚ್ಚು, ಜಮೀನು ಒಂದು ಎಕರೆ ಕಡಿಮೆ, ಉಳಿದಂತೆ ಎಂಟು ಮೇಕೆ. ಹಾಳೆಯಲ್ಲಿ ಅದೆಲ್ಲ ಇದ್ದಂತೆಯೇ ಬರೆದಿತ್ತು, ವಯಸ್ಸು ಕೂಡ. ಆದರೂ ಮುದ್ದಯ್ಯ ಬೀದಿಗಿಳಿದು ನಡೆದೇಬಿಟ್ಟರು. ಕುಳ್ಳಯ್ಯ ಒಂದು ಹೆಜ್ಜೆ ಮುಂದಿಟ್ಟು, ಎರಡು ಸಲ ಹಿಂದೆ ತಿರುಗಿ ನೋಡಿ, ಕಡೆಗೆ ಅವರ ಹಿಂದೆಯೇ ಹೋದರು. ನಂಜಣ್ಣನೂ ಸುನಂದಮ್ಮನೂ ಅವರನ್ನು ಹಿಂಬಾಲಿಸಿದರು.

ನಡುಮನೆಯಲ್ಲಿ ತಾಯಿ ಮಗ ಇಬ್ಬರೇ ಉಳಿದರು. ಯಂತ್ರ ಇನ್ನೂ ಯಾರದೋ ಬೆಳೆ ವಿಮೆ ಹೊರಗೆ ಹಾಕುತ್ತಿತ್ತು. ಹತ್ತು ನಿಮಿಷಕ್ಕೆ ಸುನಂದಮ್ಮ ತಲೆ ತಗ್ಗಿಸಿಕೊಂಡು ಬಂದಳು. ಆ ಮನೆಯಲ್ಲಿ ಬಂದವರ ಮುಂದಿಡಲು ಬಿಸ್ಕತ್ತೂ ಇಲ್ಲವಂತೆ, ಇಲ್ಲಿ ಮಾಡಿದ ಕೋಡುಬಳೆ ಒಂದು ತಟ್ಟೆ ಸಿಕ್ಕೀತೇ ಎಂದು ಕೇಳಿದಳು. ಲಿಂಗರಾಜು ತಾಯಿ ಏನೆನ್ನುತ್ತಾಳೋ ಎಂದು ಕಾದ. ಸಿದ್ದಲಿಂಗಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, ತಟ್ಟೆ ತುಂಬ ಕೋಡುಬಳೆ ಹಾಕಿ ಮಗನ ಕೈಗೇ ಕೊಟ್ಟಳು.

"ನೀನೇ ಕೊಟ್ಬುಟ್ ಬಾ ಮಗ. ಅವ್ರ್ ಮನೆಲೂ ಒಂದು ಒಳ್ಳೇದಾಗ್ಬೇಕಲ್ವಾ. ಮೊಕ ಸಣ್ಣ ಮಾಡ್ಕೊಬ್ಯಾಡ."

ಕುಳ್ಳಯ್ಯನ ಜಗುಲಿಯಲ್ಲಿ ಮಾದೇಶ ಮೇಕೆ ಹಗ್ಗ ಹಿಡಿದುಕೊಂಡೇ ನಿಂತಿದ್ದ. ಲಿಂಗರಾಜುವನ್ನು ಕಂಡು ಅವನ ಕಣ್ಣಲ್ಲಿ ನೀರು ತುಂಬಿತು. ನಾನು ನಿನ್ನೆ ಸುಮ್ಮನೆ ಒತ್ತಿದ್ದು ಕಣ್ಲಾ ಎಂದ. ಲಿಂಗರಾಜು ಇರಲಿ ಎಂದು ಭುಜ ತಟ್ಟಿ ತಟ್ಟೆಯನ್ನು ಒಳಗೆ ಕೊಟ್ಟು ಹೊರಟ. ಮುದ್ದಯ್ಯ ಅವನ ಹಿಂದೆಯೇ ಎದ್ದು ಬಂದರು. ಹೆಣ್ಣು ಕೊಡುವವರು ಅಕ್ಕಪಕ್ಕದವರನ್ನು ಬಿಡಿಯಾಗಿ ಕರೆದು ಹುಡುಗನ ವಿಚಾರ ಕೇಳುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಆ ಹೊತ್ತಿಗೆ ಅವರಿಗೆ ಸಿಕ್ಕ ನೆರೆಯವನು ಲಿಂಗರಾಜು. ಬೇವಿನ ಮರದ ಕೆಳಗೆ ನಿಲ್ಲಿಸಿ, ಮಾದೇಶ ಹೇಗೆ, ಕುಡಿತ ಗಿಡಿತ ಇದೆಯೇ, ಮುಚ್ಚುಮರೆಯಿಲ್ಲದೆ ಹೇಳಪ್ಪ ಎಂದರು.

ಒಂದು ಮಾತು ಸಾಕಾಗಿತ್ತು. ಹೇಳಬೇಕಾಗಿಯೂ ಇರಲಿಲ್ಲ, ಒಂದು ಸಲ ಅನುಮಾನದಿಂದ ಕೆಮ್ಮಿದ್ದರೆ ಮುದ್ದಯ್ಯ ಬೈಕು ಹತ್ತಿ ಹೋಗಿಬಿಡುತ್ತಿದ್ದರು. ಆ ಕೆಮ್ಮು ಲಿಂಗರಾಜುವಿನ ಗಂಟಲವರೆಗೂ ಬಂದಿತ್ತು. ಆದರೆ ತಂದೆ ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನ ಇವನ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸಿದವನು ಮಾದೇಶ.

"ನಂಗಿಂತ ಒಳ್ಳೇವ್ನು ಕಣ್ರೀ," ಎಂದ ಲಿಂಗರಾಜು. "ಧೈರ್ಯವಾಗಿ ಕೊಡಿ."

ಮುದ್ದಯ್ಯ ಅವನ ಎರಡೂ ಕೈ ಹಿಡಿದುಕೊಂಡರು. "ಓದ್ ಸೋಮ್ವಾರ ನಾನು ಯಾರ್ಗೂ ಏಳ್ದೆ ಒಬ್ನೇ ನಿಮ್ಮೂರ್ಗೆ ಬಂದಿದ್ದೆ. ಡೈರಿ ತಾವ ಒಬ್ಬ ಹುಡ್ಗುನ್ನ ನಿಮ್ ವಿಚಾರ ಕೇಳ್ದೆ. ಇದೇ ಮಾತು ಏಳ್ದ, ಒಂದಕ್ಷರ ಆಚೀಚೆ ಇಲ್ಲ. ತನಗೇ ಮದ್ವೆ ಆಗಿಲ್ಲ, ಸ್ನೇಹಿತನ್ನ ಇಷ್ಟ್ ಮೆಚ್ಕೊಂಡು ಮಾತಾಡ್ತಾನಲ್ಲ, ಇಂಥವ್ನು ಸಿಕ್ಕುದ್ರೆ ಕೊಡ್ಬೇಕು ಅಂತ ಮನಸ್ಸಿಗೆ ಬಂದಿತ್ತು. ಹೆಸ್ರು ಕೇಳೋದು ಮರ್ತಿದ್ದೆ. ಇವತ್ತು ನಿಮ್ ಮಿಷಿನ್ನಲ್ಲಿ ಅವನ್ ಫೋಟೋ ಬಂತು."

ಲಿಂಗರಾಜು ಕುಳ್ಳಯ್ಯನ ಜಗುಲಿಯತ್ತ ತಿರುಗಿ ನೋಡಿದ. ಮುದ್ದಯ್ಯ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಅವರ ಕಣ್ಣಲ್ಲಿ ನಿಜವಾದ ಮೆಚ್ಚುಗೆಯಿತ್ತು.

"ನೀವೂ ಅವನಂಗೇ ಕಣಪ್ಪ. ಏನ್ ಮಾಡ್ಲಿ, ನಂಗಿರೋದು ಒಬ್ಳೇ ಮಗಳು."